ಬೆಟ್ಟದ ಬದುಕು ಅಗ್ಗವೆಂದವರು ಯಾರು?

ಕಳೆದ ಮಳೆಗಾಲದ ಒಂದು ಸಂಜೆ ಪಕ್ಕದ ಕೇರಿಯ ತರುಣನೊಬ್ಬ ನಮ್ಮ ಮನೆಯ ಜಗಲಿಗೆ ಬಂದು ಕುಳಿತ. ಏಳು ವರ್ಷಗಳಿಂದ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುತ್ತಿರುವ ಇಂಜಿನಿಯರ್ ಆತ. ತಂದೆಗೆ ಪಾರ್ಶ್ವವಾಯು ಬಡಿದ ಮೇಲೆ, ಊರಿನಲ್ಲೇ ಉಳಿದು ಮನೆಯಿಂದಲೇ ಕೆಲಸ ಮಾಡಲು ಕಂಪನಿಯ ಅನುಮತಿ ಕೇಳಿದ್ದ. ಅನುಮತಿಯೇನೋ ಸಿಕ್ಕಿತು. ಅದರ ಬೆನ್ನಿಗೇ ಇನ್ನೊಂದು ಪತ್ರವೂ ಬಂದಿತು. ಆತ ವಾಸಿಸುವ ಸ್ಥಳದ ಜೀವನ ವೆಚ್ಚಕ್ಕೆ ಅನುಗುಣವಾಗಿ ಸಂಬಳವನ್ನು ಐದರಲ್ಲಿ ಒಂದು ಪಾಲು ಇಳಿಸಲಾಗಿದೆ ಎಂಬುದು ಅದರ ಸಾರ. ಕೆಲಸ ಅದೇ, ಅವಧಿ ಅದೇ, ಮೇಲಧಿಕಾರಿಯೂ ಅವರೇ. ಬದಲಾದದ್ದು ಕುರ್ಚಿ ಹಾಕಿಕೊಂಡ ಊರು ಮಾತ್ರ. ‘ಮಾಸ್ತರೇ, ನಮ್ಮ ಊರು ಅಷ್ಟೊಂದು ಅಗ್ಗವೋ?’ ಎಂದು ಆತ ಕೇಳಿದ. ಆ ಪ್ರಶ್ನೆಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈ ಲೇಖನ ಆ ಬಾಕಿಯನ್ನು ತೀರಿಸುವ ಪ್ರಯತ್ನ.

ಕಾಡು, ಹೊಳೆ, ಗುಡ್ಡಗಳ ವಿಷಯ ಬರೆಯುವ ಪತ್ರಿಕೆಯಲ್ಲಿ ಇಂಜಿನಿಯರುಗಳ ಸಂಬಳದ ಚರ್ಚೆ ಏಕೆ ಎಂದು ಹಿರಿಯ ಓದುಗರು ಕೇಳಬಹುದು. ದುಡ್ಡಿದ್ದವರ ದೂರು ಅವರಿಗೇ ಇರಲಿ ಎಂದು ಕೆಲವರು ಪುಟ ತಿರುವಲೂಬಹುದು. ಸ್ವಲ್ಪ ತಾಳಿ. ಮಲೆನಾಡಿನ ಮನೆಗಳಲ್ಲಿ ಇಂದು ಉಳಿದಿರುವವರು ಬಹುಪಾಲು ವೃದ್ಧರು. ಮಕ್ಕಳನ್ನು ಓದಿಸಿ ಬೆಂಗಳೂರಿನ ಬಸ್ಸು ಹತ್ತಿಸಿದ ತಲೆಮಾರು ಅದು. ಹೋದವರು ಮರಳಿ ಬರಬಹುದಾದ ಒಂದು ದಾರಿ 2020ರಲ್ಲಿ ತಾನಾಗಿ ತೆರೆಯಿತು. ಆ ದಾರಿಗೆ ಈಗ ಸುಂಕದ ಕಟ್ಟೆ ಹಾಕಲಾಗುತ್ತಿದೆ. ಆ ಸುಂಕವನ್ನು ಸಮರ್ಥಿಸಲು ಬಳಸುವ ಮಾತೆಂದರೆ ‘ಬೆಟ್ಟದ ಬದುಕು ಅಗ್ಗ’ ಎಂಬುದು. ಇದು ಇಂಜಿನಿಯರನ ಸಂಬಳಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ನಮ್ಮ ನೀರು, ಸೊಪ್ಪು, ಮಣ್ಣು, ಮನೆಯ ಹೆಂಗಸರ ಶ್ರಮ ಇವೆಲ್ಲಕ್ಕೂ ಶೂನ್ಯ ಬೆಲೆ ಕಟ್ಟುವ ಮಾತು. ಆದುದರಿಂದ ಇದು ನಮ್ಮ ಚಳವಳಿಯ ವಿಷಯವೇ ಹೌದು.

ಅಳತೆಗೋಲು ಬಂದ ಬಗೆ

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಿತು. ಸಾಫ್ಟ್‌ವೇರ್ ಉದ್ಯಮ ಕೆಲವೇ ದಿನಗಳಲ್ಲಿ ಕಚೇರಿಯನ್ನು ಖಾಲಿ ಮಾಡಿ ಮನೆಗಳಿಗೆ ಹಂಚಿಹೋಯಿತು. ಅಮೆರಿಕದಲ್ಲಿಯೂ ಅದೇ ಆಯಿತು. ಅಲ್ಲಿನ ನೌಕರರು ದುಬಾರಿಯಾದ ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್ ನಗರಗಳನ್ನು ಬಿಟ್ಟು ಸಣ್ಣ ಊರುಗಳಿಗೆ ಹೊರಟಾಗ ಕಂಪನಿಗಳು ಲೆಕ್ಕದ ಪುಸ್ತಕ ತೆರೆದವು. 2020ರ ಮೇ ತಿಂಗಳಲ್ಲಿ ಫೇಸ್‌ಬುಕ್ಕಿನ ಮುಖ್ಯಸ್ಥ ಮಾರ್ಕ್ ಝುಕರ್‌ಬರ್ಗ್, ಅಗ್ಗದ ಊರಿಗೆ ಹೋದವರ ಸಂಬಳವನ್ನು ಆ ಊರಿಗೆ ತಕ್ಕಂತೆ ಹೊಂದಿಸಲಾಗುವುದೆಂದು ಪ್ರಕಟಿಸಿದರು. ಅದೇ ವರ್ಷ ವಿಎಂವೇರ್ ಎಂಬ ಕಂಪನಿ, ಪಾಲೋ ಆಲ್ಟೋದಿಂದ ಡೆನ್ವರ್ ನಗರಕ್ಕೆ ಹೋಗುವವರಿಗೆ ಶೇ. 18ರ ಕಡಿತ ನಿಗದಿಪಡಿಸಿತು. ಸ್ಟ್ರೈಪ್ ಕಂಪನಿಯು ದೊಡ್ಡ ನಗರ ಬಿಟ್ಟು ಹೋಗುವವರ ಕೈಗೆ ಒಮ್ಮೆಗೆ 20,000 ಡಾಲರ್ ಕೊಟ್ಟು, ಸಂಬಳದಲ್ಲಿ ಶೇ. 10ರವರೆಗೆ ಇಳಿಸುವ ವ್ಯವಸ್ಥೆ ಮಾಡಿತು.

ಇವುಗಳಲ್ಲಿ ನಾವು ಗಮನವಿಟ್ಟು ನೋಡಬೇಕಾದದ್ದು ಗೂಗಲ್ ಕಂಪನಿಯ ಉದಾಹರಣೆ. ಊರು ಬದಲಿಸಿದರೆ ಸಂಬಳ ಎಷ್ಟು ಬದಲಾಗುವುದೆಂದು ನೌಕರರೇ ಲೆಕ್ಕ ಹಾಕಿ ನೋಡುವ ಸಾಧನವೊಂದನ್ನು ಅದು 2021ರಲ್ಲಿ ಅವರ ಮುಂದಿಟ್ಟಿತು. ಆ ವರ್ಷದ ಆಗಸ್ಟ್‌ನಲ್ಲಿ ಬಂದ ವರದಿಗಳ ಪ್ರಕಾರ, ನ್ಯೂಯಾರ್ಕಿನಿಂದ ರೈಲಿನಲ್ಲಿ ಒಂದು ತಾಸಿನ ದೂರದ ಸ್ಟ್ಯಾಮ್‌ಫರ್ಡ್ ಪಟ್ಟಣದಲ್ಲಿದ್ದು ಮನೆಯಿಂದ ಕೆಲಸ ಮಾಡುವವರಿಗೆ ಶೇ. 15 ಕಡಿತ. ನ್ಯೂಯಾರ್ಕ್ ನಗರದೊಳಗಿನ ಮನೆಯಿಂದ ಮಾಡಿದರೆ ಕಡಿತವೇ ಇಲ್ಲ. ಸಿಯಾಟಲ್ ಕಚೇರಿಗೆ ಪಕ್ಕದ ಸೀಮೆಯಿಂದ ಎರಡು ತಾಸು ಪಯಣಿಸಿ ಬರುತ್ತಿದ್ದ ನೌಕರನೊಬ್ಬ, ಪೂರ್ತಿಯಾಗಿ ಮನೆಯಿಂದಲೇ ಕೆಲಸ ಮಾಡಿದರೆ ಸುಮಾರು ಶೇ. 10ರಷ್ಟು ಕಳೆದುಕೊಳ್ಳುವುದೆಂದು ತಿಳಿದು, ಕಚೇರಿಗೆ ಓಡಾಡುವುದನ್ನೇ ಮುಂದುವರಿಸಲು ನಿರ್ಧರಿಸಿದ.

ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಆ ನೌಕರನ ಮನೆ ಬದಲಾಗಲಿಲ್ಲ, ಬಾಡಿಗೆ ಬದಲಾಗಲಿಲ್ಲ, ಅಂಗಡಿಯ ಅಕ್ಕಿ ಹಾಲುಗಳ ಬೆಲೆಯೂ ಬದಲಾಗಲಿಲ್ಲ. ಅದೇ ಮನೆಯಿಂದ ದಿನವೂ ಅಷ್ಟು ದೂರ ಓಡಾಡಿದರೆ ಪೂರ್ಣ ಸಂಬಳ, ಓಡಾಡದೆ ಅದೇ ಕೆಲಸ ಮಾಡಿ ಮುಗಿಸಿದರೆ ಕಡಿತ! ಜೀವನ ವೆಚ್ಚದ ವಾದ ಇಲ್ಲಿಗೇ ಕುಸಿದು ಬೀಳುತ್ತದೆ. ಕಂಪನಿ ಅಳೆಯುತ್ತಿರುವುದು ಮನುಷ್ಯನ ಖರ್ಚನ್ನಲ್ಲ, ಅವನ ಅಸಹಾಯಕತೆಯನ್ನು. ಈ ಊರಿನಲ್ಲಿ ಕುಳಿತವನಿಗೆ ಬೇರೆ ದಾರಿಗಳು ಎಷ್ಟಿವೆ, ಎಷ್ಟು ಕಡಿಮೆ ಕೊಟ್ಟರೂ ಒಪ್ಪಿಯಾನು ಎಂಬುದೇ ಅದರ ಅಳತೆಗೋಲು. ‘ಜೀವನ ವೆಚ್ಚ’ ಎಂಬುದು ಅದಕ್ಕೆ ಹೊದಿಸಿದ ಶಾಲು.

ಈ ಮಾತಿಗೆ ನಮ್ಮಲ್ಲಿಯೂ ಸಾಕ್ಷ್ಯವಿದೆ. ಜೀವನ ವೆಚ್ಚಕ್ಕೆ ತಕ್ಕ ಸಂಬಳ ಎಂಬುದು ಪ್ರಾಮಾಣಿಕ ನಿಯಮವಾಗಿದ್ದರೆ ಅದು ಎರಡೂ ದಿಕ್ಕಿಗೆ ನಡೆಯಬೇಕಿತ್ತು. 2022-23ರಲ್ಲಿ ಬೆಂಗಳೂರಿನ ಬಾಡಿಗೆ ಗಗನಕ್ಕೇರಿತು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಬೆಲೆಗೆ ಸರ್ಕಾರವೇ ಮಿತಿ ಹಾಕಬೇಕಾಯಿತು. ಆದರೆ ಕಾಲೇಜಿನಿಂದ ಆಗತಾನೇ ಹೊರಬಂದ ಇಂಜಿನಿಯರಿಗೆ ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಕೊಡುವ ಆರಂಭದ ಸಂಬಳ ಹತ್ತು ವರ್ಷಗಳಿಗೂ ಹೆಚ್ಚು ಕಾಲ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿತು. ವೆಚ್ಚ ಏರುವಾಗ ಕಾಣದ ಕಣ್ಣು, ನೌಕರ ಊರಿಗೆ ಮರಳಿದ ಕೂಡಲೇ ತೆರೆಯುವುದಾದರೆ ಅದನ್ನು ನ್ಯಾಯವೆನ್ನಲಾದೀತೇ?

ಬೆಂಗಳೂರು ಕೂಡ ಒಂದು ಕಾಲದ ‘ಅಗ್ಗದ ಊರು’

ಊರು ನೋಡಿ ಸಂಬಳ ಅಳೆಯುವ ಪದ್ಧತಿಯನ್ನು ಕೊರೋನಾ ಹುಟ್ಟುಹಾಕಲಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲಿ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ವಿನ್ಯಾಸದ ಕೆಲಸ ಕಳುಹಿಸತೊಡಗಿದಾಗಲೇ ದೂರದಿಂದ ದುಡಿಯುವ ಯುಗ ನಮ್ಮ ರಾಜ್ಯದಲ್ಲಿ ಆರಂಭವಾಗಿತ್ತು. 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್ ಬೆಳೆದದ್ದೂ ಅಮೆರಿಕದ ಕೆಲಸವನ್ನು ಭಾರತದ ಸಂಬಳದಲ್ಲಿ ಮಾಡಿಕೊಡುವ ಮಾರ್ಗದಲ್ಲಿಯೇ. ಬೆಂಗಳೂರಿನ ಗಾಜಿನ ಗೋಪುರಗಳ ಅಡಿಪಾಯದಲ್ಲಿರುವುದು ಎರಡು ಊರುಗಳ ಸಂಬಳದ ನಡುವಿನ ಅಂತರ. ಅಂದು ಡಲ್ಲಾಸಿಗೆ ಬೆಂಗಳೂರು ಹೇಗೆ ಕಂಡಿತ್ತೋ ಇಂದು ಬೆಂಗಳೂರಿಗೆ ಶಿರಸಿ, ಸಾಗರ, ಕೊಪ್ಪ, ಸೋಮವಾರಪೇಟೆಗಳು ಹಾಗೆ ಕಾಣುತ್ತಿವೆ.

ಇಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ಆ ಅಂತರ ಇರದಿದ್ದರೆ ನಮ್ಮ ಹುಡುಗರಿಗೆ ಆ ಕೆಲಸಗಳು ಬರುತ್ತಲೇ ಇರಲಿಲ್ಲ. ಎದುರಾಳಿಗಳ ಅತ್ಯಂತ ಬಲವಾದ ವಾದವೂ ಇದೇ: ‘ಎಲ್ಲೆಡೆ ಒಂದೇ ಸಂಬಳ ಕೊಡಬೇಕೆಂದರೆ ನಿಮ್ಮ ಹಳ್ಳಿಯವನನ್ನೇ ಏಕೆ ಆರಿಸಬೇಕು? ಅವನ ಅಗ್ಗದ ಬೆಲೆಯೇ ಅವನ ಅವಕಾಶವಲ್ಲವೇ?’ ದೇಶ ದೇಶಗಳ ನಡುವೆ ನಾಣ್ಯ, ಕಾನೂನು, ತೆರಿಗೆ ಎಲ್ಲವೂ ಬೇರೆಯಾಗಿರುವಾಗ ಈ ವಾದಕ್ಕೆ ತೂಕವಿದೆ ಎಂದು ಒಪ್ಪೋಣ. ಸಿಲಿಕಾನ್ ಕಣಿವೆಯ ಸಂಬಳವನ್ನು ಸಿದ್ದಾಪುರಕ್ಕೆ ಕೊಡಿ ಎಂದು ನಾವು ಕೇಳುತ್ತಿಲ್ಲ. ನಮ್ಮ ಮಾತು ಒಂದೇ ರಾಜ್ಯದ, ಒಂದೇ ನಾಣ್ಯದ, ಒಂದೇ ಕಂಪನಿಯ, ಒಂದೇ ಕೆಲಸದ ಬಗ್ಗೆ. ಏಳು ವರ್ಷ ದುಡಿದು ಯೋಗ್ಯತೆ ತೋರಿಸಿದವನು ಘಟ್ಟದ ಬಸ್ಸು ಹತ್ತಿದೊಡನೆ ಅವನ ಯೋಗ್ಯತೆ ಕುಗ್ಗುವುದೇ? ಅವನು ಬರೆದ ಪ್ರೋಗ್ರಾಮಿಗೆ ಗಿರಾಕಿ ಕೊಡುವ ಬೆಲೆಯಲ್ಲಿ ಒಂದು ಪೈಸೆಯೂ ಇಳಿಯುವುದಿಲ್ಲ. ಇಳಿದ ಐದನೆಯ ಒಂದು ಪಾಲು ಹೋಗುವುದು ಕಂಪನಿಯ ಲಾಭದ ಕಲಮಿಗೆ.

ಅಡಿಕೆ ಬೆಳೆಗಾರರಿಗೆ ಈ ಪಾಠ ಹೊಸದಲ್ಲ. ಹಿಂದೆ ಊರೂರು ತಿರುಗುವ ವ್ಯಾಪಾರಿ ಮನೆಬಾಗಿಲಿಗೆ ಬಂದು, ಬೆಳೆಗಾರನ ಸಾಲ, ಮನೆಯ ಮದುವೆ, ಪೇಟೆಯ ದೂರ ಇವನ್ನೆಲ್ಲ ಅಳೆದು ಬೆಲೆ ಹೇಳುತ್ತಿದ್ದ. ಬೆಲೆ ಕಟ್ಟಿದ್ದು ಅಡಿಕೆಗಲ್ಲ, ಬೆಳೆಗಾರನ ಇಕ್ಕಟ್ಟಿಗೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ, 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್, 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಏತಕ್ಕೆ? ರಾಶಿ, ಚಾಲಿ, ಬೆಟ್ಟೆ ಯಾವುದೇ ಇರಲಿ, ಮಾಲಿನ ಗುಣ ನೋಡಿ ಎಲ್ಲರೆದುರು ದರ ನಿಲ್ಲಬೇಕೆಂದು. ಅದು ಯಾವ ಹಳ್ಳಿಯ ಯಾರ ಮನೆಯ ಅಡಿಕೆ ಎಂದು ನೋಡಿ ದರ ಇಳಿಸಬಾರದೆಂದು. ಅಜ್ಜ ಗೆದ್ದ ಆ ನ್ಯಾಯವನ್ನು ಮೊಮ್ಮಗ ಲ್ಯಾಪ್‌ಟಾಪಿನ ಮುಂದೆ ಕುಳಿತು ಮೌನವಾಗಿ ಬಿಟ್ಟುಕೊಡುತ್ತಿದ್ದಾನೆ.

ಅಗ್ಗ ಎಂಬುದರ ಒಳಗಿನ ಲೆಕ್ಕ

ಈಗ ‘ಅಗ್ಗ’ ಎಂಬ ಮಾತನ್ನೇ ಬಿಡಿಸಿ ನೋಡೋಣ. ಊರಿನಲ್ಲಿ ಬಾಡಿಗೆ ಇಲ್ಲ, ಹೌದು. ತರಕಾರಿ ಹಿತ್ತಲಿನದು, ಹಾಲು ಕೊಟ್ಟಿಗೆಯದು, ನೀರು ಗುಡ್ಡದ ಅಬ್ಬಿಯದು. ಇವಕ್ಕೆ ಬಿಲ್ಲು ಬರುವುದಿಲ್ಲ. ಬಿಲ್ಲು ಬರುವುದಿಲ್ಲ ಎಂದ ಮಾತ್ರಕ್ಕೆ ಬೆಲೆ ಇಲ್ಲವೆಂದು ಅರ್ಥವೇ? ಅಬ್ಬಿಯಲ್ಲಿ ಬೇಸಿಗೆಯಲ್ಲೂ ನೀರು ಹರಿಯುವುದು ಮೇಲಿನ ಕಾಡನ್ನು ಊರವರು ಉಳಿಸಿಕೊಂಡದ್ದರಿಂದ. ತೋಟ ಹಸಿರಾಗಿರುವುದು ಸೊಪ್ಪಿನ ಬೆಟ್ಟದಿಂದ ತಲೆಹೊರೆಯಲ್ಲಿ ಸೊಪ್ಪು, ದರಕು ತಂದು ಹಾಕಿದ್ದರಿಂದ. ಹಾಲು ಬರುವುದು ಬೆಳಗಿನ ಜಾವ ಎದ್ದ ತಾಯಿಯ ಕೈಯಿಂದ. ಮಗನ ಊಟ, ತಂದೆಯ ಆರೈಕೆ, ದನದ ಚಾಕರಿ ಇವೆಲ್ಲವೂ ಯಾವ ಹಾಜರಿ ಪುಸ್ತಕಕ್ಕೂ ಸೇರದ ಹೆಂಗಸರ ದುಡಿಮೆ.

ಜೀವನ ವೆಚ್ಚ ಕಡಿಮೆ ಎಂದು ಕಂಪನಿ ಸಂಬಳ ಇಳಿಸಿದಾಗ ಆಗುವುದಿಷ್ಟೇ: ಈ ಕಾಡು, ಈ ಅಬ್ಬಿ, ಈ ತಾಯಿ ಉಳಿಸಿಕೊಟ್ಟ ಹಣವನ್ನು ಕಂಪನಿ ತನ್ನ ಜೇಬಿಗೆ ಇಳಿಸಿಕೊಳ್ಳುತ್ತದೆ. ಊರು ತಾನಾಗಿ ಕೊಟ್ಟ ಸಹಾಯಧನ ಅದು. ಕೊಟ್ಟದ್ದು ತನ್ನ ಮಗನಿಗೆ, ಸೇರಿದ್ದು ದೂರದ ಷೇರುದಾರನಿಗೆ. ಕಾಡಿನ ಮರ ಕಡಿದು ಸಾಗಿಸಿದರೆ ನಾವು ಲಾರಿಗೆ ಅಡ್ಡ ನಿಲ್ಲುತ್ತೇವೆ. ಕಾಡಿನ ಫಲ ಸಂಬಳದ ಚೀಟಿಯ ಮೂಲಕ ಸಾಗಿಹೋದರೆ ನಮ್ಮ ಕಣ್ಣಿಗೇ ಬೀಳುವುದಿಲ್ಲ.

ಇನ್ನು ಬಿಲ್ಲು ಬರುವ ವಸ್ತುಗಳ ಮಾತು. ಲ್ಯಾಪ್‌ಟಾಪು, ಮೊಬೈಲು, ಬೈಕು ಬೆಂಗಳೂರಿಗಿಂತ ಇಲ್ಲಿ ಅಗ್ಗವಲ್ಲ. ಶಿಕ್ಷಣ ಸಾಲದ ಕಂತು ಊರು ನೋಡಿ ಇಳಿಯುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಮೂರು ದಿನ ಕರೆಂಟು ಹೋದರೆ ಇನ್ವರ್ಟರ್ ಬೇಕು, ಅದೂ ಸೋತರೆ ಜನರೇಟರ್ ಬೇಕು. ಒಂದು ಸಂಪರ್ಕ ಸತ್ತರೆ ಇರಲೆಂದು ಇನ್ನೊಂದು ಇಂಟರ್ನೆಟ್ ಸಂಪರ್ಕ ಬೇಕು. 2020-21ರಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡದ ನೆತ್ತಿಯಲ್ಲಿ ಕೊಡೆ ಹಿಡಿದು ಕುಳಿತದ್ದನ್ನು, ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ ಎಂದು 2021ರಲ್ಲಿ ಮಲೆನಾಡಿನ ಹಳ್ಳಿಗಳು ದನಿಯೆತ್ತಿದ್ದನ್ನು ಯಾರೂ ಮರೆತಿಲ್ಲ. ಆಸ್ಪತ್ರೆಯ ಮಾತಂತೂ ಬೇಡ. ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನ 2022ರಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. ಹೃದಯ ಕೈಕೊಟ್ಟರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳಿಗೆ ಓಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡಗಳೇ ಜಾರಿದವು. ಮನೆಯ ಹಿಂದಿನ ಧರೆ ಈ ವರ್ಷ ನಿಲ್ಲುತ್ತದೋ ಇಲ್ಲವೋ ಎಂಬ ಆತಂಕಕ್ಕೆ ಯಾವ ಕಂಪನಿಯ ಸೂತ್ರದಲ್ಲಿ ಜಾಗವಿದೆ?

ಅತ್ತ ಕಂಪನಿಗೆ ಆಗುವ ಉಳಿತಾಯವನ್ನೂ ನೋಡಿ. ಒಬ್ಬ ನೌಕರ ಊರಿಗೆ ಹೋದರೆ ಬೆಂಗಳೂರಿನ ದುಬಾರಿ ಕಟ್ಟಡದಲ್ಲಿ ಒಂದು ಕುರ್ಚಿಯ ಜಾಗ, ಅದರ ವಿದ್ಯುತ್ತು, ಎ.ಸಿ., ಕ್ಯಾಬು ಎಲ್ಲವೂ ಉಳಿಯಿತು. ಆ ಖರ್ಚು ನೌಕರನ ಮನೆಗೆ ವರ್ಗವಾಯಿತು. ಉಳಿತಾಯ ಒಮ್ಮೆ ಕಟ್ಟಡದಲ್ಲಿ, ಇನ್ನೊಮ್ಮೆ ಸಂಬಳದಲ್ಲಿ. ಒಂದೇ ಮರದಿಂದ ಎರಡು ಕೊಯ್ಲು.

ಬೀಳುವ ಪೆಟ್ಟು ಎಷ್ಟು ದೂರ ಹೋಗುವುದೆಂದು ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬೇಕು. ತಿಂಗಳಿಗೆ ಒಂದು ಲಕ್ಷವಿದ್ದ ಸಂಬಳ 80,000ಕ್ಕೆ ಇಳಿಯಿತೆನ್ನೋಣ. ಇಬ್ಬರಿಗೂ ವರ್ಷಕ್ಕೆ ಶೇ. 8ರ ಬಡ್ತಿ ಸಿಕ್ಕಿದರೆ ಹತ್ತು ವರ್ಷಗಳ ನಂತರ ಒಬ್ಬನಿಗೆ 2,15,892 ರೂಪಾಯಿ, ಇನ್ನೊಬ್ಬನಿಗೆ 1,72,714 ರೂಪಾಯಿ. ಇಪ್ಪತ್ತು ಸಾವಿರದ ಅಂತರ ನಲವತ್ತಮೂರು ಸಾವಿರವಾಯಿತು. ಮೂಲವೇತನ ಇಳಿದರೆ ಗ್ರಾಚ್ಯುಟಿಯೂ ಅದರೊಡನೆ ಇಳಿಯುತ್ತದೆ. ಮುಂದಿನ ಕಂಪನಿ ಸಂಬಳ ನಿಗದಿ ಮಾಡುವಾಗ ಕೇಳುವುದೂ ಹಿಂದಿನ ಸಂಬಳವನ್ನೇ. ತಂದೆಯ ಆರೈಕೆಗೆಂದು ಎರಡು ವರ್ಷ ಊರಿಗೆ ಬಂದವನು ಇಪ್ಪತ್ತು ವರ್ಷ ಅದರ ದಂಡ ತೆರಬೇಕಾಗುತ್ತದೆ.

ಹೋದವನಿಗೆ ಬಹುಮಾನ, ಉಳಿದವನಿಗೆ ದಂಡ

ಇದರ ಪರಿಸರದ ಪರಿಣಾಮವೇನು? 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯಲ್ಲಿ ಶರಾವತಿಯ ಕಣಿವೆ ಮುಳುಗಿದ್ದು ನಾಡಿಗೆ ಬೆಳಕು ಬೇಕೆಂದು. ಮುಳುಗಿದವರ ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅದೇ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ 2019ರ ಜುಲೈ 10ರಂದು ಶಿವಮೊಗ್ಗ ಬಂದ್ ಆಯಿತು. ನಗರ ಬೆಳೆದಂತೆಲ್ಲ ಅದರ ಬಾಯಾರಿಕೆ ನಮ್ಮ ಹೊಳೆಗಳ ಕಡೆಗೇ ತಿರುಗುತ್ತದೆ. ‘ಅಭಿವೃದ್ಧಿಯನ್ನು ವಿಕೇಂದ್ರೀಕರಿಸಿ, ಜನರನ್ನು ಬೆಂಗಳೂರಿನಲ್ಲಿ ತುಂಬಬೇಡಿ’ ಎಂದು ನಾವು ದಶಕಗಳಿಂದ ಹೇಳುತ್ತ ಬಂದೆವು. ‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಿನಲ್ಲಿ ಸರ್ಕಾರವೂ ಈಗ ಅದನ್ನೇ ಹೇಳುತ್ತಿದೆ. ಆದರೆ ಸಂಬಳದ ಸೂತ್ರ ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ನಗರದಲ್ಲಿ ತಳವೂರಿ, ರಸ್ತೆಯಲ್ಲಿ ಹೊಗೆಯುಗುಳಿ, ಕಾವೇರಿಯ ನೀರು ಬಳಸುವವನಿಗೆ ಬಹುಮಾನ. ಆ ಭಾರವನ್ನು ಇಳಿಸಿ ಊರಿಗೆ ಬಂದವನಿಗೆ ದಂಡ.

ಕಂಪನಿಗಳು ಮನಸ್ಸು ಮಾಡಿದರೆ ಇದನ್ನು ತಿರುಗಿಸಬಲ್ಲವು ಎಂಬುದಕ್ಕೂ ಸಾಕ್ಷ್ಯವಿದೆ. 2024ರಲ್ಲಿ ಇನ್ಫೋಸಿಸ್ ತನ್ನ ಹುಬ್ಬಳ್ಳಿ ಕೇಂದ್ರಕ್ಕೆ ವರ್ಗವಾಗಿ ಹೋಗುವ ನೌಕರರಿಗೆ ಅವರ ದರ್ಜೆಗೆ ತಕ್ಕಂತೆ 8 ಲಕ್ಷ ರೂಪಾಯಿಗಳವರೆಗೆ ಪ್ರೋತ್ಸಾಹಧನ ಪ್ರಕಟಿಸಿತು. ಕಟ್ಟಿದ ಕಚೇರಿಗೆ ಜನ ಬೇಕಾದಾಗ ಸಣ್ಣ ಊರಿಗೆ ಹೋಗುವುದು ಬಹುಮಾನಕ್ಕೆ ಯೋಗ್ಯವಾದ ಕೆಲಸವಾಗುತ್ತದೆ! ಇನ್ನೊಂದು ಕಡೆ ಟಿ.ಸಿ.ಎಸ್. ಕಂಪನಿಯ ನಡೆ ನೋಡಿ. 2025ರ ವೇಳೆಗೆ ಯಾವುದೇ ಸಮಯದಲ್ಲಿ ಕಚೇರಿಯಲ್ಲಿ ಕಾಲು ಭಾಗ ನೌಕರರಿದ್ದರೆ ಸಾಕೆಂದು 2020ರಲ್ಲಿ ಘೋಷಿಸಿದ್ದ ಅದು, 2023ರ ಅಕ್ಟೋಬರ್ ವೇಳೆಗೆ ವಾರಕ್ಕೆ ಐದು ದಿನ ಕಚೇರಿಗೆ ಬರುವಂತೆ ಕರೆಯಿತು. 2024ರಲ್ಲಿ ಹಾಜರಾತಿ ಶೇ. 60ಕ್ಕಿಂತ ಕಡಿಮೆಯಾದವರಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಹೆಚ್ಚುವರಿ ವೇತನವನ್ನೇ ತಡೆಯುವ ನಿಯಮ ತಂದಿತು. ಸಂಬಳ ಇಳಿಸುವುದು ಒಂದು ಕೋಲು, ಹಾಜರಾತಿ ಇನ್ನೊಂದು ಕೋಲು. ಎರಡೂ ಅಟ್ಟುವುದು ಒಂದೇ ಹಟ್ಟಿಗೆ.

ಬೇರೆ ದಾರಿ ಇಲ್ಲವೇ? ಇದೆ. ಬೇಸ್‌ಕ್ಯಾಂಪ್ ಎಂಬ ಸಣ್ಣ ಅಮೆರಿಕನ್ ಕಂಪನಿ ಕೊರೋನಾಕ್ಕಿಂತ ಮುಂಚೆಯೇ, ನೌಕರ ಎಲ್ಲಿದ್ದರೂ ಸ್ಯಾನ್ ಫ್ರಾನ್ಸಿಸ್ಕೊ ದರದ ಸಂಬಳ ಕೊಡುವ ಪದ್ಧತಿಗೆ ಬಂದಿತ್ತು. ರೆಡ್ಡಿಟ್ 2020ರಲ್ಲಿ, ಸ್ಪಾಟಿಫೈ 2021ರಲ್ಲಿ, ಏರ್‌ಬಿಎನ್‌ಬಿ 2022ರಲ್ಲಿ ಅಮೆರಿಕದೊಳಗೆ ಊರಿನ ಆಧಾರದ ಕಡಿತ ಇಲ್ಲವೆಂದು ಪ್ರಕಟಿಸಿದವು. ಅಷ್ಟು ದೂರವೇಕೆ? ನಮ್ಮ ತಾಲ್ಲೂಕು ಕೇಂದ್ರದ ಅಂಚೆ ಕಚೇರಿಗೇ ಹೋಗಿ ನೋಡಿ. ಅಲ್ಲಿನ ಖಾಯಂ ಗುಮಾಸ್ತನಿಗೂ ಬೆಂಗಳೂರಿನ ಗುಮಾಸ್ತನಿಗೂ ಒಂದೇ ಮೂಲವೇತನ, ಒಂದೇ ತುಟ್ಟಿಭತ್ಯೆ. ಬೇರೆಯಾಗುವುದು ಮನೆ ಬಾಡಿಗೆ ಭತ್ಯೆ. ಕೇಂದ್ರ ಸರ್ಕಾರಿ ನೌಕರರಿಗೆ 2024ರ ಜನವರಿಯಿಂದ ಅದು ದೊಡ್ಡ ನಗರದಲ್ಲಿ ಮೂಲವೇತನದ ಶೇ. 30, ಮಧ್ಯಮ ನಗರದಲ್ಲಿ ಶೇ. 20, ಉಳಿದೆಡೆ ಶೇ. 10 ಎಂದು ನಿಗದಿಯಾಯಿತು. ಅಲ್ಲಿಯೂ ಒಟ್ಟು ಮೊತ್ತದಲ್ಲಿ ವ್ಯತ್ಯಾಸವಿದೆ, ನಿಜ. ನಮ್ಮ ಆಕ್ಷೇಪ ವ್ಯತ್ಯಾಸಕ್ಕಲ್ಲ, ಅದು ಬೀಳುವ ಜಾಗಕ್ಕೆ. ಬಾಡಿಗೆಯ ವ್ಯತ್ಯಾಸಕ್ಕೆ ಬಾಡಿಗೆ ಎಂದೇ ಹೆಸರಿಡಿ. ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿ. ಮನುಷ್ಯನ ಕೆಲಸದ ಬೆಲೆಯನ್ನು ಮುಟ್ಟಬೇಡಿ.

ನಮ್ಮೊಳಗಿನ ಎರಡು ಪ್ರಶ್ನೆಗಳು

ನಮ್ಮ ಚಳವಳಿಯ ಸಂಗಾತಿಗಳೇ ಎತ್ತುವ ಆಕ್ಷೇಪವೊಂದಿದೆ. ‘ನಗರದ ಸಂಬಳ ಹಳ್ಳಿಗೆ ಬಂದರೆ ಜಮೀನಿನ ಬೆಲೆ ಏರುತ್ತದೆ, ಗುಡ್ಡ ಕಡಿದು ಹೋಂಸ್ಟೇ ಏಳುತ್ತವೆ, ಬಡವನಿಗೆ ಒಂದು ಗುಂಟೆಯೂ ದಕ್ಕುವುದಿಲ್ಲ. ಆದುದರಿಂದ ಸಂಬಳ ಕಡಿಮೆಯಾದರೇ ಒಳ್ಳೆಯದು.’ ಆತಂಕ ಸುಳ್ಳಲ್ಲ. ಕೊಡಗು ಚಿಕ್ಕಮಗಳೂರುಗಳಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಗುಡ್ಡ ಕಡಿಯುತ್ತಿರುವುದು ತಂದೆಯ ಆರೈಕೆಗೆ ಬಂದ ಮಗನ ಸಂಬಳವೇ? 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವಂತೆ ಬಾಗಿಲು ತೆರೆದದ್ದು ಸರ್ಕಾರ. ಬಂಡವಾಳ ಬಂದದ್ದು ಆ ಬಾಗಿಲಿನಿಂದ. ಭೂಮಿಯನ್ನು ಕಾಯಬೇಕಾದದ್ದು ಭೂಮಿಯ ಕಾನೂನು. ದುಡಿಯುವವನ ಸಂಬಳ ಇಳಿಸಿ ಗುಡ್ಡ ಉಳಿಸುತ್ತೇವೆಂಬುದು ಹುಣ್ಣು ಒಂದೆಡೆ, ಮದ್ದು ಇನ್ನೊಂದೆಡೆ ಎಂದಂತೆ. ಊರಿನಲ್ಲಿ ಬೇರು ಬಿಟ್ಟು ಬಾಳುವ ತರುಣರಿದ್ದರೆ ಗ್ರಾಮಸಭೆಗೆ ಜನ ಬರುತ್ತಾರೆ, ಅರಣ್ಯ ಸಮಿತಿಗೆ ಜೀವ ಬರುತ್ತದೆ, ಶಾಲೆಯ ಬಾಗಿಲು ಮುಚ್ಚುವುದಿಲ್ಲ. ಖಾಲಿ ಮನೆಗಳ ಊರನ್ನು ರೆಸಾರ್ಟಿನವರಿಂದ ಕಾಯುವವರು ಯಾರು?

ಎರಡನೆಯ ಪ್ರಶ್ನೆ ಇನ್ನೂ ಕಟುವಾದದ್ದು, ನಮ್ಮ ಕಡೆಗೇ ತಿರುಗುವಂಥದ್ದು. ಒಂದೇ ಕೆಲಸಕ್ಕೆ ಒಂದೇ ಸಂಬಳ ಎಂದು ಕಂಪನಿಯನ್ನು ಕೇಳುವ ನಾವು ನಮ್ಮ ತೋಟದಲ್ಲಿ ಏನು ಮಾಡುತ್ತಿದ್ದೇವೆ? ಸೊಪ್ಪು ಹೊರುವ, ಅಡಿಕೆ ಸುಲಿಯುವ, ಕಾಫಿ ಕೊಯ್ಯುವ ಹೆಂಗಸಿನ ಕೂಲಿ ಗಂಡಸಿನ ಕೂಲಿಗಿಂತ ಕಡಿಮೆ ಇರುವ ಊರುಗಳು ನಮ್ಮಲ್ಲಿ ಎಷ್ಟಿಲ್ಲ? ಸಮಾನ ಸಂಭಾವನೆಯ ಕಾಯ್ದೆ ಬಂದದ್ದು 1976ರಲ್ಲಿ. ಸಂವಿಧಾನದ 39ನೆಯ ವಿಧಿ ಅದಕ್ಕೂ ಮುಂಚೆಯೇ ಗಂಡು ಹೆಣ್ಣಿಗೆ ಸಮಾನ ಕೆಲಸಕ್ಕೆ ಸಮಾನ ವೇತನವನ್ನು ಗುರಿಯಾಗಿ ಇಟ್ಟಿತು. ‘ಅವಳ ಖರ್ಚು ಕಡಿಮೆ, ಅವಳಿಗೆ ಬೇರೆ ದಾರಿ ಇಲ್ಲ’ ಎಂಬ ನಮ್ಮ ತರ್ಕವೂ ಕಂಪನಿಯ ತರ್ಕವೂ ಒಂದೇ ಬೀಜದ ಎರಡು ಸಸಿಗಳು. ನಮ್ಮ ಅಂಗಳದ ಸಸಿಯನ್ನು ಕೀಳದೆ ಎದುರುಮನೆಯ ಮರಕ್ಕೆ ಕೊಡಲಿ ಎತ್ತುವ ನೈತಿಕ ಹಕ್ಕು ನಮಗಿಲ್ಲ.

ನಾವು ಕೇಳಬೇಕಾದದ್ದು

ಒಂದು: ಒಂದೇ ಕಂಪನಿಯಲ್ಲಿ, ರಾಜ್ಯದೊಳಗೆ, ಒಂದೇ ಕೆಲಸಕ್ಕೆ ಮೂಲವೇತನ ಒಂದೇ ಇರಬೇಕು. ಬಾಡಿಗೆಯ ವ್ಯತ್ಯಾಸವನ್ನು ಪ್ರತ್ಯೇಕ ಭತ್ಯೆಯಾಗಿ ತೋರಿಸಬೇಕು.

ಎರಡು: ಊರಿನ ಆಧಾರದ ಲೆಕ್ಕಾಚಾರ ಯಾವುದೇ ಇದ್ದರೂ ಅದನ್ನು ನೇಮಕಾತಿ ಪತ್ರದಲ್ಲಿಯೇ ಬರೆದು ಕೊಡಬೇಕು. ಮಧ್ಯದಲ್ಲಿ ಪತ್ರ ಕಳುಹಿಸಿ ಇಳಿಸುವಂತಿರಬಾರದು.

ಮೂರು: ಮನೆಯಿಂದ ದುಡಿಯುವವರ ವಿದ್ಯುತ್ತು, ಇನ್ವರ್ಟರ್, ಇಂಟರ್ನೆಟ್ಟುಗಳ ಖರ್ಚನ್ನು ಕಂಪನಿ ಭರಿಸಬೇಕು. ಕುರ್ಚಿಯ ಜಾಗ ಉಳಿಸಿದವನಿಗೆ ಅದರಲ್ಲಿ ಒಂದು ಪಾಲು ಸಲ್ಲಬೇಕು.

ನಾಲ್ಕು: ಬೆಂಗಳೂರಿನಾಚೆ ನೆಲೆಸುವ ಉದ್ಯಮಕ್ಕೆ ರಿಯಾಯಿತಿ ಕೊಡುವ ಸರ್ಕಾರ, ಸಮಾನ ಮೂಲವೇತನವನ್ನು ಆ ರಿಯಾಯಿತಿಯ ಷರತ್ತಾಗಿ ಮಾಡಬೇಕು. ಸಾರ್ವಜನಿಕರ ಹಣದಿಂದ ಅಗ್ಗದ ದುಡಿಮೆಯನ್ನು ಕೊಂಡು ಕಂಪನಿಗೆ ಕೊಡಬಾರದು.

ಐದು: ನಮ್ಮ ತೋಟ, ಎಸ್ಟೇಟು, ಸಂಘಗಳಲ್ಲಿ ಹೆಣ್ಣಾಳು ಗಂಡಾಳು ಎಂಬ ಕೂಲಿಯ ಭೇದ ಈ ಹಂಗಾಮಿನಿಂದಲೇ ನಿಲ್ಲಬೇಕು. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಇಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಸಂಬಳದ ಪತ್ರವನ್ನು ಒಬ್ಬೊಬ್ಬರೇ ಗುಟ್ಟಾಗಿ ಓದಿಕೊಂಡು ಸಹಿ ಮಾಡುವವರೆಗೆ ಕಂಪನಿಯ ಅಳತೆಗೋಲು ಕಂಪನಿಯ ಕೈಯಲ್ಲೇ ಇರುತ್ತದೆ. ಐ.ಟಿ. ನೌಕರರಿಗೆ ಸಂಘವೇಕೆ ಎಂದು ಮೂಗು ಮುರಿಯುತ್ತಿದ್ದ ಕಾಲ ಕಳೆಯಿತು. ಕರ್ನಾಟಕದಲ್ಲಿ ಐ.ಟಿ. ನೌಕರರ ಸಂಘ 2017ರಿಂದಲೇ ಇದೆ. ದಿನಕ್ಕೆ ಹದಿನಾಲ್ಕು ತಾಸು ದುಡಿಸುವ ಪ್ರಸ್ತಾಪ 2024ರಲ್ಲಿ ಬಂದಾಗ ಬೀದಿಗಿಳಿದು ವಿರೋಧಿಸಿದವರು ಅವರೇ. ಊರಿಗೆ ಬಂದು ಒಬ್ಬಂಟಿಯಾಗಿ ದುಡಿಯುವವನಿಗೆ ಸಂಘದ ಅಗತ್ಯ ಇನ್ನೂ ಹೆಚ್ಚು. ಒಂದು ತಾಲ್ಲೂಕಿನಲ್ಲಿ ಮನೆಯಿಂದ ಕೆಲಸ ಮಾಡುವ ಹತ್ತು ಜನ ತಿಂಗಳಿಗೊಮ್ಮೆ ಸಂಘದ ಕಟ್ಟಡದಲ್ಲೋ ಶಾಲೆಯ ಪಡಸಾಲೆಯಲ್ಲೋ ಸೇರಿ, ತಮ್ಮ ತಮ್ಮ ಪತ್ರಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟರೆ ಅದೇ ಮೊದಲ ಹೆಜ್ಜೆ. ನಿಮ್ಮ ಅಜ್ಜಂದಿರು ಅಡಿಕೆ ಮೂಟೆಗಳನ್ನು ಒಂದೇ ಅಂಗಳಕ್ಕೆ ತಂದು ಹಾಕಿದ್ದೂ ಹೀಗೆಯೇ.

ಆ ತರುಣ ಈಗಲೂ ಊರಿನಲ್ಲೇ ಇದ್ದಾನೆ. ಇಳಿದ ಸಂಬಳಕ್ಕೆ ಸಹಿ ಹಾಕಿದ್ದಾನೆ. ತಂದೆಯನ್ನು ಬಿಟ್ಟು ಹೋಗಲಾರ ಎಂಬುದು ಕಂಪನಿಗೆ ತಿಳಿದಿತ್ತು. ಬೆಳಿಗ್ಗೆ ತಂದೆಗೆ ಗಂಜಿ ಕುಡಿಸಿ, ಒಂಬತ್ತಕ್ಕೆ ಕೆಲಸಕ್ಕೆ ಕೂರುತ್ತಾನೆ. ಅವನ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನೆ. ಇಲ್ಲ ತಮ್ಮಾ, ನಮ್ಮ ಊರು ಅಗ್ಗವಲ್ಲ. ಇಲ್ಲಿನ ನೀರಿಗೆ, ಸೊಪ್ಪಿಗೆ, ನಿನ್ನ ತಾಯಿಯ ಬೆನ್ನುನೋವಿಗೆ ಯಾರೂ ಇದುವರೆಗೆ ಬಿಲ್ಲು ಬರೆದಿಲ್ಲ, ಅಷ್ಟೇ. ಆ ಬಿಲ್ಲನ್ನು ಬರೆಯುವ ಕೆಲಸವನ್ನು ಇನ್ನು ನಾವೇ ಮಾಡಬೇಕಾಗಿದೆ.